ಒಂಟಿ ಕಾಳಗದ ಎರಡನೆಯ ಕೈ

ದ್ವಂದ್ವಯುದ್ಧವೆಂದರೆ ಇಬ್ಬರದೇ ಯುದ್ಧವೆಂದು ನಾವು ನಂಬಿಕೊಂಡು ಬಂದಿದ್ದೇವೆ. ಮಹಾಭಾರತವನ್ನು ತುಸು ಗಮನವಿಟ್ಟು ಓದಿದವರಲ್ಲಿ ಈ ನಂಬಿಕೆ ಉಳಿಯುವುದು ಕಷ್ಟ. ಅಲ್ಲಿ ದೊಡ್ಡ ಪೆಟ್ಟು ಬಿದ್ದ ಕಡೆಗಳಲ್ಲೆಲ್ಲ, ಹೊಡೆದವನ ಪಕ್ಕದಲ್ಲಿಯೋ ಮುಂದೆಯೋ ಇನ್ನೊಬ್ಬನಿದ್ದಾನೆ. ಹತ್ತನೆಯ ದಿನ ಶಿಖಂಡಿ ಮುಂದೆ ನಿಲ್ಲದಿದ್ದರೆ ಭೀಷ್ಮನತ್ತ ಹೊರಟ ಅರ್ಜುನನ ಬಾಣಗಳಿಗೆ ದಾರಿಯೇ ಇರಲಿಲ್ಲ. ಕರ್ಣನ ಸರ್ಪಾಸ್ತ್ರ ಬರುತ್ತಿದ್ದಾಗ ಕೃಷ್ಣ ರಥವನ್ನು ನೆಲಕ್ಕೆ ಒತ್ತದಿದ್ದರೆ ಹೋಗುತ್ತಿದ್ದುದು ಕಿರೀಟವಲ್ಲ, ತಲೆ. ಪೆಟ್ಟಿನ ಕೀರ್ತಿ ಒಬ್ಬನಿಗೆ ಸಂದಿತು. ಪೆಟ್ಟು ಬೀಳುವಂತೆ ಎಡೆ ಮಾಡಿಕೊಟ್ಟವನು ಇನ್ನೊಬ್ಬ.

ಈ ಪಕ್ಕದವನ ವಿಚಾರ ನನ್ನ ತಲೆಗೆ ಹತ್ತಿದ್ದಕ್ಕೆ ನಮ್ಮ ತುಮಕೂರು ಸೀಮೆಯೇ ಕಾರಣವೆನ್ನಬೇಕು. ಇಲ್ಲಿ ಕುರುಕ್ಷೇತ್ರವೆಂದರೆ ಹರಿಯಾಣದ ಬಯಲಲ್ಲ, ರಾತ್ರಿಯೆಲ್ಲ ನಡೆಯುವ ನಾಟಕ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಬಾಲನಟನಾಗಿ ಸೇರಿದ್ದ ವೀರಣ್ಣನವರ ಒಡೆತನಕ್ಕೆ 1917ರಲ್ಲಿ ಬಂದಿತು. ಆ ಕಂಪನಿ 1934ರಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆ, ರಥಗಳು ನಿಜವಾಗಿಯೇ ರಂಗದ ಮೇಲೆ ಬಂದವು. ಆ ವೈಭವದ ಮಾತನ್ನು ಎಲ್ಲರೂ ಆಡುತ್ತಾರೆ. ನನ್ನ ಯೋಚನೆ ಬೇರೆ. ಕಿವಿಗಡಚಿಕ್ಕುವ ಸದ್ದು, ಕಣ್ಣು ಕೋರೈಸುವ ದೀಪ, ಎದುರಿಗೆ ಸಾವಿರಾರು ಜನ, ಇವುಗಳ ನಡುವೆ ಒಂದು ಆನೆ ಬೆದರದೆ ನಿಂತಿತೆಂದರೆ ಅದರ ಕಿವಿಯ ಬಳಿ ಮಾವುತನೊಬ್ಬ ಇದ್ದಿರಲೇಬೇಕು. ರಥ ನಿಲ್ಲಬೇಕಾದ ಗೆರೆಯಲ್ಲಿಯೇ ನಿಂತಿತೆಂದರೆ ಕುದುರೆಯ ಬಾಯಿ ಬಲ್ಲ ಕೈ ಲಗಾಮಿನ ಮೇಲಿದ್ದಿರಬೇಕು. ಅರ್ಜುನನ ಪಾತ್ರಧಾರಿಯ ಬಿಲ್ಲಿನ ಗತ್ತು ಇವರಿಬ್ಬರ ಸಾಲ. ಸ್ವತಃ ವೀರಣ್ಣನವರು, ಕಂಪನಿಯ ಯಜಮಾನರಾಗಿದ್ದೂ, ಜನಮನದಲ್ಲಿ ಉಳಿದದ್ದು ಹಾಸ್ಯಪಾತ್ರಗಳಿಂದ. ‘ಸದಾರಮೆ’ಯ ಕಳ್ಳ ಎಂದರೆ ಅವರೇ. ನಾಯಕನ ಪಕ್ಕದಲ್ಲಿ ನಿಂತು ನಾಟಕವನ್ನು ಎತ್ತುವುದೆಂದರೇನೆಂದು ಅವರಷ್ಟು ಬಲ್ಲವರು ಕಡಮೆ.

ಕುದುರೆಯ ಮಾತು ಬಂದಾಗ ಕುಣಿಗಲನ್ನು ಬಿಟ್ಟು ಮುಂದೆ ಹೋಗಲಾಗದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಊರು ಅದು. ಮುಂದೆ ಅಲ್ಲಿಯ ಫಾರಂ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಕುದುರೆ ಸಾಕಿದವರು ಭಾರತದ ಒಂದು ಪ್ರಸಂಗವನ್ನು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಾರು. ಜಯದ್ರಥನನ್ನು ಸೂರ್ಯಾಸ್ತದೊಳಗೆ ಕೊಲ್ಲಬೇಕಾದ ದಿನ, ಯುದ್ಧದ ನಟ್ಟನಡುವೆ, ಅರ್ಜುನ ರಥದಿಂದಿಳಿದು ಬಾಣದಿಂದ ನೆಲ ಸೀಳಿ ನೀರು ತರಿಸುತ್ತಾನೆ. ಕೃಷ್ಣ ಕುದುರೆಗಳ ಮೈಗೆ ನೆಟ್ಟ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸುತ್ತಾನೆ. ಅಷ್ಟು ಹೊತ್ತೂ ಅರ್ಜುನ ನೆಲದ ಮೇಲೆ ನಿಂತು ಶತ್ರುಗಳನ್ನು ತಡೆಯುತ್ತಾನೆ. ಸಾರಥಿಗೆ ರಥಿಕನೇ ಬೆಂಬಲಿಗನಾದ ಗಳಿಗೆ ಅದು.

ಈಗ ಮಾತನ್ನು ಬೇರೊಂದು ಕಣಕ್ಕೆ ತಿರುಗಿಸುತ್ತೇನೆ. ಹಿರಿಯ ಓದುಗರು ಹುಬ್ಬೇರಿಸಬಾರದು. ನಮ್ಮ ತುಮಕೂರಿನ ಹುಡುಗರು ಪರದೆಯ ಮುಂದೆ ಕುಳಿತು ಆಡುವ ಕಾಳಗದ ಆಟಗಳನ್ನು ನಾನು ಹಲವು ಸಂಜೆ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಕೆಲವು ಆಟಗಳಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಪರದೆಯ ಅಂಚಿನಿಂದ ಒಬ್ಬ ಸಂಗಾತಿ ನೆಗೆದು ಬಂದು, ಒಂದು ಏಟು ಕೊಟ್ಟು, ಬಂದಂತೆಯೇ ಮಾಯವಾಗುತ್ತಾನೆ. ಹುಡುಗರು ಇವನನ್ನು ‘ಅಸಿಸ್ಟ್’ ಎನ್ನುತ್ತಾರೆ. ನನಗೆ ಮೊದಲು ಇದು ಬರಿಯ ಗದ್ದಲವಾಗಿ ಕಂಡಿತ್ತು. ವಿವರಿಸಿ ಹೇಳಿದ ಮೇಲೆ, ಶಿಖಂಡಿಯ ಲೆಕ್ಕಾಚಾರವೆಲ್ಲ ಅದರಲ್ಲಿದೆ ಎನಿಸಿತು.

ಲೆಕ್ಕ ಹೀಗೆ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ವೀರನ ವಿಶೇಷ ಪೆಟ್ಟು ಬಲವಾದದ್ದು, ಆದರೆ ನಿಧಾನ. ತೋಳು ಎತ್ತಿ ಬೀಸುವಷ್ಟರಲ್ಲಿ 20 ಚಿತ್ರಗಳು, ಅಂದರೆ ಸೆಕೆಂಡಿನ ಮೂರನೆಯ ಒಂದು ಪಾಲು, ಕಳೆದಿರಬಹುದು. ಕಣ್ಣು ಚುರುಕಾದ ಎದುರಾಳಿಗೆ ತಡೆಯೊಡ್ಡಲು ಅಷ್ಟು ಕಾಲ ಧಾರಾಳ. ಆದ್ದರಿಂದ ಮೊದಲು ಸಂಗಾತಿಯನ್ನು ಕರೆಯುವುದು. ಅವನ ಏಟು ಎದುರಾಳಿಗೆ ತಗಲಲಿ, ಅಥವಾ ಆತ ಅದನ್ನು ತಡೆಯಲಿ, ಎರಡು ಬಗೆಯಲ್ಲೂ ಅರೆಗಳಿಗೆ ಅಲುಗದಂತೆ ಸಿಕ್ಕಿಬೀಳುತ್ತಾನೆ. ಆ ಅರೆಗಳಿಗೆಯಲ್ಲಿ ನಿಧಾನದ ಪೆಟ್ಟು ಆರಂಭವಾಗುತ್ತದೆ. ಇನ್ನೊಂದು ಉಪಾಯ ಇನ್ನೂ ಕುಟಿಲ: ಮೇಲಿನ ಏಟಿಗೆ ನಿಂತು ತಡೆಯಬೇಕು, ಕಾಲಿನ ಏಟಿಗೆ ಕುಳಿತು ತಡೆಯಬೇಕು ಎಂಬುದು ಅಲ್ಲಿಯ ನಿಯಮ. ಸಂಗಾತಿ ಕಾಲಿಗೂ ವೀರ ತಲೆಗೂ ಒಂದೇ ಕ್ಷಣದಲ್ಲಿ ಹೊಡೆದರೆ ಎದುರಾಳಿ ಏನು ಮಾಡಬೇಕು?

ಈ ಸಂಗಾತಿಗೂ ಒಂದು ಚರಿತ್ರೆ ಇದೆ. ಜಪಾನಿನ ಎಸ್‌ಎನ್‌ಕೆ ಕಂಪನಿ 1994ರಲ್ಲಿ ತಂದ ‘ಕಿಂಗ್ ಆಫ್ ಫೈಟರ್ಸ್’ ಆಟದಲ್ಲಿ ತಂಡದ ಉಳಿದವರು ಹಿಂದೆ ನಿಂತು ಕಾಳಗ ನೋಡುತ್ತಿರುತ್ತಿದ್ದರು. ತಮ್ಮವನು ತಲೆತಿರುಗಿ ನಿಂತರೆ ಒಬ್ಬ ಮುನ್ನುಗ್ಗಿ ಬಿಡಿಸುತ್ತಿದ್ದ. ಆಪತ್ತಿಗೆ ಆಗುವ ನೆಂಟ, ಅಷ್ಟೇ. ಮೂರು ವರ್ಷ ಕಳೆದು ಕ್ಯಾಪ್‌ಕಾಮ್ ಕಂಪನಿಯ ಒಂದು ಆಟದಲ್ಲಿ ಆತ ಕರೆದಾಗ ಬರುವ ಆಳಾದ. 2000ದಲ್ಲಿ ಬಂದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ ಈ ವಿದ್ಯೆಯನ್ನು ಶಾಸ್ತ್ರವನ್ನಾಗಿ ಮಾಡಿತು: 56 ಮಂದಿಯಲ್ಲಿ ಮೂವರನ್ನು ಆರಿಸಬೇಕು, ಪ್ರತಿಯೊಬ್ಬ ಯಾವ ಬಗೆಯ ನೆರವು ಕೊಡಬೇಕೆಂಬುದನ್ನು ಕಾಳಗಕ್ಕೆ ಮೊದಲೇ ನಿಶ್ಚಯಿಸಬೇಕು. ಆಮೇಲೆ ಬಂದ ಆಟಗಳ ಪಟ್ಟಿ ಇಲ್ಲಿ ಬೇಡ.

ನನ್ನ ಮನಸ್ಸನ್ನು ಹಿಡಿದದ್ದು ಆ ಆಟಗಳ ಧರ್ಮಸೂಕ್ಷ್ಮ. ಸಂಗಾತಿ ಪುಕ್ಕಟೆ ಬರುವುದಿಲ್ಲ. ಕಣಕ್ಕೆ ಕಾಲಿಟ್ಟ ಕ್ಷಣದಿಂದ ಅವನೂ ಏಟು ತಿನ್ನಬಲ್ಲ. ತಿಂದ ನೋವು ಅವನ ಲೆಕ್ಕಕ್ಕೇ ಬರೆಯಲ್ಪಡುತ್ತದೆ, ಮುಂದೆ ಅವನ ಸರದಿ ಬಂದಾಗ ಅಷ್ಟು ಆಯುಸ್ಸು ಕಡಮೆ. ಹೊತ್ತುಗೊತ್ತಿಲ್ಲದೆ ಕರೆದರೆ ವೀರನೂ ಸಂಗಾತಿಯೂ ಒಂದೇ ಬೀಸಿಗೆ ಸಿಕ್ಕುತ್ತಾರೆ. ಒಮ್ಮೆ ಬಂದು ಹೋದವನನ್ನು ಮತ್ತೆ ಕರೆಯಲು ಕಾಯಬೇಕು. ಕರೆಯುವ ಹಕ್ಕಿದೆ, ಹಕ್ಕಿಗೆ ತೆರಿಗೆಯೂ ಇದೆ.

ಕುರುಕ್ಷೇತ್ರದಲ್ಲಿ ಇಂಥ ಕಟ್ಟಳೆ ಇರಲಿಲ್ಲ. ಇದ್ದದ್ದು ಒಬ್ಬನೊಡನೆ ಒಬ್ಬನೇ ಹೋರಬೇಕೆಂಬ ಒಪ್ಪಂದ. ಅದು ಮುರಿದಾಗ ಉಳಿದದ್ದು ಜಗಳ. ಹದಿನಾಲ್ಕನೆಯ ದಿನ ಭೂರಿಶ್ರವ ಸಾತ್ಯಕಿಯನ್ನು ಕೆಡವಿ, ಜುಟ್ಟು ಹಿಡಿದು ಕತ್ತಿ ಎತ್ತಿದ್ದಾನೆ. ಕೃಷ್ಣನ ಮಾತಿಗೆ ಅರ್ಜುನ ದೂರದಿಂದಲೇ ಬಾಣ ಬಿಟ್ಟು ಆ ತೋಳನ್ನು ಕತ್ತರಿಸುತ್ತಾನೆ. ಬೇರೊಬ್ಬನೊಡನೆ ಹೋರುತ್ತಿದ್ದ ತನ್ನನ್ನು ಹೀಗೆ ಹೊಡೆಯಬಹುದೇ ಎಂದು ಭೂರಿಶ್ರವ ಕೇಳುತ್ತಾನೆ. ತನ್ನವನನ್ನು ಕಾಪಾಡುವುದು ತನ್ನ ಧರ್ಮವೆಂದು ಅರ್ಜುನನ ಉತ್ತರ. ಒಬ್ಬಂಟಿ ಅಭಿಮನ್ಯುವನ್ನು ಹಲವರು ಕೂಡಿ ಕೊಂದದ್ದನ್ನೂ ಆತ ನೆನಪಿಸುತ್ತಾನೆ. ಭೂರಿಶ್ರವ ಆಯುಧ ಬಿಟ್ಟು ಪ್ರಾಯೋಪವೇಶಕ್ಕೆ ಕುಳಿತಾಗ, ಎಲ್ಲರೂ ಬೇಡವೆನ್ನುತ್ತಿದ್ದರೂ, ಸಾತ್ಯಕಿ ಅವನ ತಲೆ ಕಡಿಯುತ್ತಾನೆ. ಅರ್ಜುನನ ಬಾಣವನ್ನು ನಾನು ಒಪ್ಪಬಲ್ಲೆ. ಸಾತ್ಯಕಿಯ ಕತ್ತಿಯನ್ನು ಒಪ್ಪಲಾರೆ. ಪಕ್ಕದವನು ಉಳಿಸಿಕೊಟ್ಟ ಜೀವವನ್ನು ಆತ ಬಳಸಿದ ರೀತಿ ಅದು.

ಬೆಂಬಲದ ಬೆಲೆಯನ್ನು ಶತ್ರುಪಕ್ಷ ಅರಿಯದಿರಲಿಲ್ಲ. ಹಿಂದಿನ ದಿನವಷ್ಟೇ ಅಭಿಮನ್ಯು ಚಕ್ರವ್ಯೂಹವನ್ನು ಒಡೆದು ಒಳಹೊಕ್ಕಿದ್ದ. ಭೀಮಾದಿಗಳು ಅವನ ಬೆನ್ನಿಗೇ ಇದ್ದರು. ಜಯದ್ರಥ ಅಭಿಮನ್ಯುವನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಹಿಂದಿನವರನ್ನು ತಡೆದ, ಅಷ್ಟೇ. ಮಗನನ್ನು ಕೊಂದವರು ಹಲವರಿದ್ದರೂ ಅರ್ಜುನನ ಪ್ರತಿಜ್ಞೆ ಜಯದ್ರಥನ ಮೇಲೆ ಏಕೆ ಹೊರಟಿತೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಹಳ್ಳಿಯ ಕುರುಕ್ಷೇತ್ರದಲ್ಲಿ ಪಕ್ಕದವನ ಬೆಲೆ ಅಗ್ಗ. ಇದು ಮಾತಿಗೆ ಹೇಳಿದ್ದಲ್ಲ, ರೂಪಾಯಿಯ ಲೆಕ್ಕ. ಕುಣಿಗಲು, ಗುಬ್ಬಿ ತಾಲ್ಲೂಕುಗಳ ಊರುಗಳಲ್ಲಿ ಪಾತ್ರ ಬೇಕಾದವರು ಹಣ ಕಟ್ಟಬೇಕು. ಸೀನರಿಯ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲ ಅದರಿಂದಲೇ ಹುಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ಹಾಡು ಕಡಮೆಯಿದ್ದವನಿಗೆ ಕಡಮೆ. ತಿಂಗಳುಗಟ್ಟಲೆ ತಾಲೀಮಿಗೆ ಬಂದು, ಬೆಳಗಿನ ಜಾವದವರೆಗೆ ಬಣ್ಣ ಹಚ್ಚಿಕೊಂಡು ಕಾದು, ನಾಲ್ಕು ಮಾತಾಡಿ ಹೋಗುವ ರೈತರನ್ನು ನಾನು ಕಂಡಿದ್ದೇನೆ. ಅವರ ಎದುರುಮಾತು ಸಕಾಲಕ್ಕೆ ಬೀಳದಿದ್ದರೆ ದುರ್ಯೋಧನನ ಕಂದಪದ್ಯ ಅಂತರದಲ್ಲಿ ನೇತಾಡುತ್ತದೆ. ಹಾರ್ಮೋನಿಯಂ ಮೇಷ್ಟ್ರು ಒಂದು ಸುತ್ತು ಹೆಚ್ಚಿಗೆ ನುಡಿಸಿ ಮಾನ ಕಾಯಬೇಕಾಗುತ್ತದೆ. ಮರುದಿನ ಊರಿನ ಮಾತು ದುರ್ಯೋಧನನ ಕಂಠದ ಬಗ್ಗೆ.

ಗದಾಯುದ್ಧದ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿರುತ್ತದೆ. ವ್ಯಾಸರ ಕಥೆಯಲ್ಲಿ, ನ್ಯಾಯವಾಗಿ ಹೋರಿದರೆ ಭೀಮ ಗೆಲ್ಲಲಾರನೆಂದು ಕೃಷ್ಣ ಹೇಳುವುದು ಅರ್ಜುನನಿಗೆ. ಭೀಮನಿಗೆ ಕಾಣುವಂತೆ ತನ್ನ ಎಡತೊಡೆಯನ್ನು ತಟ್ಟುವವನು ಅರ್ಜುನ. ಒಂದು ಪೆಟ್ಟಿನ ಹಿಂದೆ ಇಬ್ಬರು. ನಾಟಕದಲ್ಲಿ ಈ ಸನ್ನೆಯನ್ನು ಕೃಷ್ಣನೇ ಮಾಡುವುದುಂಟು, ಮತ್ತು ಆ ಕೃಷ್ಣ ಸಂಜೆ ನೋಡಿದ ಕೃಷ್ಣನಲ್ಲ. ಪಾತ್ರ ಕೇಳಿದವರು ಹೆಚ್ಚಾದ್ದರಿಂದ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಹಂಚಿರುತ್ತಾರೆ. ಕೊನೆಯ ಕೃಷ್ಣ ತೊಡೆ ತಟ್ಟಿದಾಗ, ಕಿರೀಟ ಬಿಚ್ಚಿಟ್ಟ ಮೊದಲನೆಯ ಕೃಷ್ಣ ಸೈಡ್‌ವಿಂಗಿನಲ್ಲಿ ಕಂಬಳಿ ಹೊದ್ದು ಟೀ ಕುಡಿಯುತ್ತಿರುತ್ತಾನೆ.