ಪ್ರಶ್ನೆ ಒಂದು, ಉತ್ತರ ಹಲವು

ಹಳೆಯ ಕಂದಾಯದ ಕಡತಗಳಲ್ಲಿ ಜಮೀನು ಮೂರು ಬಗೆ: ಖುಷ್ಕಿ, ತರಿ, ಬಾಗಾಯ್ತು. ನಾಗಮಂಗಲದ ರಾಗಿಹೊಲವಾಗಲಿ, ಶ್ರೀರಂಗಪಟ್ಟಣದ ಭತ್ತದ ಗದ್ದೆಯಾಗಲಿ, ಕೃಷ್ಣರಾಜಪೇಟೆಯ ತೆಂಗಿನ ತೋಟವಾಗಲಿ, ಶಾನುಭೋಗರ ಪ್ರಶ್ನೆ ಒಂದೇ: “ಕಂದಾಯವೆಷ್ಟು?” ಉತ್ತರದ ಲೆಕ್ಕ ಮಾತ್ರ ಜಮೀನಿನ ಬಗೆಗೆ ತಕ್ಕಂತೆ ಬೇರೆ.

ಗಣಕಯಂತ್ರಕ್ಕೆ ಈ ವಿವೇಕ ಬರಲು ಕಾಲ ಹಿಡಿಯಿತು. ಮೊದಮೊದಲು ‘ಖುಷ್ಕಿಯಾದರೆ ಹೀಗೆ, ತರಿಯಾದರೆ ಹಾಗೆ’ ಎಂದು ಲೆಕ್ಕ ಕೇಳುವ ಕಡೆಯಲ್ಲೆಲ್ಲ ಬರೆದಿಡಬೇಕಾಗಿತ್ತು. ಹೊಸದೊಂದು ಬಗೆ ಸೇರಿದರೆ ಎಲ್ಲವನ್ನೂ ತಿದ್ದಬೇಕು; ಒಂದೆಡೆ ಮರೆತರೆ ಬಡ ರೈತನ ಖುಷ್ಕಿಯ ಮೇಲೆ ತರಿಯ ಕಂದಾಯ ಬಿದ್ದೀತು!

1967ರಲ್ಲಿ ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಎಂಬ ವಿದ್ವಾಂಸರು ‘ಸಿಮುಲಾ 67’ ಭಾಷೆಯಲ್ಲಿ ಲೆಕ್ಕದ ವಿಧಾನವನ್ನು ಆಯಾ ವಸ್ತುವಿನ ಒಡಲಲ್ಲಿಯೇ ಇರಿಸಿದರು. ಕೇಳಿದರೆ ತರಿ ತನ್ನ ಲೆಕ್ಕವನ್ನು ತಾನೇ ಹೇಳುತ್ತದೆ. ಅದೇ ವರ್ಷ ಇಂಗ್ಲೆಂಡಿನ ಸ್ಟ್ರೇಚಿಯವರು ಕೋಪನ್‌ಹೇಗನ್ನಿನ ಉಪನ್ಯಾಸಗಳಲ್ಲಿ, ಒಂದೇ ಕ್ರಿಯೆ ಹಲವು ಬಗೆಯ ವಸ್ತುಗಳಿಗೆ ಸಲ್ಲುವುದನ್ನು ‘ಪಾಲಿಮಾರ್ಫಿಸಂ’ ಎಂದು ಕರೆದರು. ನಮ್ಮ ‘ಬಹುರೂಪ’ವೆಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. 1995ರಲ್ಲಿ ಬಂದ ಜಾವಾ ಭಾಷೆ ‘ಇಂಟರ್‌ಫೇಸ್’ ಎಂಬ ಕರಾರನ್ನು ತನ್ನ ಅಂಗವಾಗಿಸಿಕೊಂಡಿತು: ಜಮೀನೆನಿಸಿಕೊಂಡದ್ದೆಲ್ಲ ಕಂದಾಯ ಹೇಳಲೇಬೇಕು, ಹೇಗೆ ಲೆಕ್ಕ ಹಾಕುವುದೆಂಬುದು ಅದರ ಸ್ವಾತಂತ್ರ್ಯ.

1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿಯ ನೀರು ಮುಂದೆ ನಾಲೆಯಲ್ಲಿ ಹರಿದು ಬಂದಾಗ ಪಾಂಡವಪುರದ ಎಷ್ಟೋ ಖುಷ್ಕಿ ತರಿಯಾಯಿತು. ಬದಲಾದುದು ನೆಲದ ಬಗೆ; ಪ್ರಶ್ನೆಯಲ್ಲ. ಕರಾರು ಗಟ್ಟಿಯಾಗಿದ್ದರೆ ಹೊಸದನ್ನು ಸೇರಿಸಿಕೊಳ್ಳಲು ಹಳೆಯದನ್ನು ಕೆಡಹಬೇಕಾಗಿಲ್ಲ. ಗಣಕಶಾಸ್ತ್ರ ತಡವಾಗಿ ಕಲಿತ ಪಾಠವಿದು.