ಪ್ರಿಟೋರಿಯಾದ ಚಹಾ, ಹುದಲಿಯ ಸಭೆ

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಹುದಲಿ ಅಂದ್ರೆ ಖಾದಿ, ಉಪ್ಪಿನಕಾಯಿ. ಆದ್ರೆ 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಇದೇ ಊರಿಗೆ ಬಂದು ಉಳಿದಿದ್ರು, ಗೊತ್ತೇನ್ರಿ? ಬಂದದ್ದು ಗಾಂಧಿ ಸೇವಾ ಸಂಘದ ವಾರ್ಷಿಕ ಸಮ್ಮೇಳನಕ್ಕೆ. ಆ ಸಭೆಯ ಮಾತಿಗೆ ಮುಂಚೆ 44 ವರ್ಷ ಹಿಂದೆ, ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬರೋಣ.

📍1893, ಪ್ರಿಟೋರಿಯಾ. ಗಾಂಧಿಗೆ ಆಗ ಇನ್ನೂ 24 ತುಂಬಿರಲಿಲ್ಲ. ಪರದೇಶ, ಗುರುತಿನವರು ಕಡಿಮೆ. ಅಲ್ಲಿ ಅವರಿಗೆ ಕೋಟ್ಸ್ ಅನ್ನೋ ಕ್ವೇಕರ್ ಪಂಥದ ತರುಣ ಗೆಳೆಯನಾದ. ಓದೋಕೆ ಪುಸ್ತಕ ಕೊಡ್ತಿದ್ದ, ಜೊತೆಗೆ ತಿರುಗಾಡೋಕೆ ಕರ್ಕೊಂಡು ಹೋಗ್ತಿದ್ದ. ಭಾನುವಾರ ಇಬ್ಬರು ಮಹಿಳೆಯರ ಮನೆಯಲ್ಲಿ ಚಹಾ, ಧರ್ಮದ ಚರ್ಚೆ.

ಒಂದಿನ ಕೋಟ್ಸ್ ಕಣ್ಣಿಗೆ ಗಾಂಧಿ ಕೊರಳಿನ ತುಳಸಿ ಮಣಿ ಬಿತ್ತು. ಇದು ಮೂಢನಂಬಿಕೆ, ಹರಿದುಬಿಡ್ತೀನಿ ಅಂದ. ಗಾಂಧಿ ಒಪ್ಪಲಿಲ್ಲ. ಅದು ಅವ್ವ ಕೊಟ್ಟದ್ದು. ತಾನಾಗೇ ಸವೆದು ಹರಿದರೆ ಹೊಸದು ಹಾಕ್ಕೊಳ್ಳೋದಿಲ್ಲ, ಆದರೆ ಕಾರಣ ಇಲ್ಲದೆ ತೆಗೆಯೋದೂ ಇಲ್ಲ ಅಂದರು. ಗೆಳೆತನ ಮುರೀಲಿಲ್ಲ.

ಮುಂದೆ ಅಧ್ಯಕ್ಷ ಕ್ರೂಗರ್ ಮನೆ ಎದುರು ಕಾವಲುಗಾರನೊಬ್ಬ ಗಾಂಧಿಯನ್ನ ಒದ್ದು ಕಾಲುದಾರಿಯಿಂದ ಕೆಳಗೆ ತಳ್ಳಿದಾಗ, ಕುದುರೆ ಮೇಲೆ ಬರ್ತಿದ್ದ ಇದೇ ಕೋಟ್ಸ್ ಅದನ್ನ ಕಣ್ಣಾರೆ ನೋಡಿದ. ದಾವೆ ಹೂಡು, ನಾನು ಸಾಕ್ಷಿ ಹೇಳ್ತೀನಿ ಅಂದ. ಗಾಂಧಿ ದಾವೆ ಹೂಡಲಿಲ್ಲ.

ಇನ್ನೊಬ್ಬ ಗೆಳೆಯ, ವಕೀಲ ಬೇಕರ್, ಗಾಂಧಿಯನ್ನ ವೆಲ್ಲಿಂಗ್ಟನ್ ಊರಿನ ಕ್ರೈಸ್ತ ಸಮಾವೇಶಕ್ಕೆ ಕರ್ಕೊಂಡು ಹೋದರು. ಬಿಳಿಯನಲ್ಲದ ಜೊತೆಗಾರನನ್ನ ಕರ್ಕೊಂಡು ಹೊರಟದ್ದಕ್ಕೆ ದಾರಿಯಲ್ಲಿ ಬೇಕರ್ ಪಡಬಾರದ ಪಾಡು ಪಟ್ಟರು, ಆದ್ರೆ ಕೈ ಬಿಡಲಿಲ್ಲ. ಮೂರು ದಿನದ ಸಮಾವೇಶ. ಎಷ್ಟೋ ಮಂದಿ ಗಾಂಧಿಗಾಗಿ ಪ್ರಾರ್ಥನೆ ಮಾಡಿದರು. ಅವರ ಭಕ್ತಿಯನ್ನ ಗಾಂಧಿ ಮೆಚ್ಚಿದರು, ಮತ ಬದಲಿಸಲಿಲ್ಲ. ಇದನ್ನೆಲ್ಲ ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ.

🤫 ಅಂದಹಾಗೆ, ಕ್ವೇಕರರು ಯಾರು? 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಕಟ್ಟಿದ ಪಂಥ. ಬ್ರಿಟನ್ನಿನ ಅವರ ಪ್ರಾರ್ಥನೆಯಲ್ಲಿ ಪಾದ್ರಿ ಇಲ್ಲ, ಎಲ್ಲರೂ ಮೌನವಾಗಿ ಕೂಡ್ತಾರೆ, ಒಳಗಿನಿಂದ ಮಾತು ಬಂದವರು ಎದ್ದು ಆಡ್ತಾರೆ. ವರ್ಷಕ್ಕೊಮ್ಮೆ ದೊಡ್ಡ ಸಭೆ. ಅಲ್ಲೂ ಮತದಾನ ಇಲ್ಲ! ನಡೆಸುವವರು ಸಭೆಯ ಮನಸ್ಸನ್ನ ಅಲ್ಲೇ ಬರೆದು ಓದ್ತಾರೆ, ಎಲ್ಲರೂ ಒಪ್ಪಿದರೆ ಅದೇ ತೀರ್ಮಾನ.

ಗಾಂಧಿಗೆ ಅವರ ನಂಟು ಕೊನೆತನಕ ಇತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ವೈಸರಾಯ್ ಇರ್ವಿನ್‌ಗೆ ಬರೆದ ಪತ್ರ ತಗೊಂಡು ಹೋದದ್ದು ರೆಜಿನಾಲ್ಡ್ ರೆನಾಲ್ಡ್ಸ್ ಅನ್ನೋ ಕ್ವೇಕರ್ ತರುಣ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಗಾಂಧಿ ಬರ್ಮಿಂಗ್‌ಹ್ಯಾಮಿನ ಅವರ ವುಡ್‌ಬ್ರೂಕ್ ಕೇಂದ್ರಕ್ಕೂ ಭೇಟಿ ಕೊಟ್ಟರು.

📍ಈಗ ಹುದಲಿಗೆ ಬರೋಣ. ಇದು ಗಂಗಾಧರರಾವ್ ದೇಶಪಾಂಡೆಯವರ ಊರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹಿಂದಿನ ಶಕ್ತಿ ಅವರೇ. 1937ರಲ್ಲಿ ದೊಡ್ಡ ಪಟ್ಟಣ ಬಿಟ್ಟು ಈ ಹಳ್ಳಿಯಲ್ಲಿ ಸಂಘದವರು ಸೇರಿದರು. ಪ್ರಾಂತೀಯ ಚುನಾವಣೆ ಆಗಷ್ಟೇ ಮುಗಿದಿತ್ತು. ಸೇವೆ ಮಾಡುವವರು ಶಾಸನಸಭೆಗೆ ಹೋಗಬೇಕೋ ಬೇಡವೋ? ಅಲ್ಲಿ ಚರ್ಚೆಗೆ ಬಂದ ಪ್ರಶ್ನೆಗಳಲ್ಲಿ ಇದೂ ಒಂದು. 1940ರಲ್ಲಿ, ಸಂಘದೊಳಗೆ ರಾಜಕೀಯ ಹೊಕ್ಕಿದೆ ಅನಿಸಿದಾಗ, ಗಾಂಧಿಯವರ ಸಲಹೆಯಂತೆ ಮಾಲಿಕಾಂದಾ ಸಭೆಯಲ್ಲಿ ಅದನ್ನ ಹೆಚ್ಚುಕಮ್ಮಿ ವಿಸರ್ಜಿಸಿಯೇ ಬಿಟ್ಟರು.

ಹುದಲಿ ಸಭೆ ಕ್ವೇಕರರ ನಕಲು ಅಂತ ನಾ ಹೇಳ್ತಿಲ್ಲ. ಹೇಳೋದಿಷ್ಟೇ: ಪರರ ಸಭೆಗೆ ಹೋಗಿ ಮನಸ್ಸಿಟ್ಟು ಕೇಳೋಕೆ ನಮ್ಮ ಕೊರಳಿನ ಮಣಿ ಹರಿಯಬೇಕಾಗಿಲ್ಲ. ಕರೆದವರಿಗೂ ಒಂದು ಪಾಠ ಇದೆ. ಅತಿಥಿ ನಮ್ಮ ದಾರಿಗೆ ಬರದಿದ್ದರೂ, ಅವನಿಗೆ ಒದೆ ಬಿದ್ದ ದಿನ ಸಾಕ್ಷಿ ಹೇಳ್ತೀನಿ ಅಂತ ನಿಲ್ಲೋದೇ ಗೆಳೆತನ.

ನಮ್ಮೂರಿನ ಗ್ರಾಮಸಭೆ, ಜಾತ್ರೆ ಕಮಿಟಿ ನೆನಪು ಮಾಡ್ಕೊಳ್ರಿ. ದನಿ ದೊಡ್ಡದಿದ್ದವರ ಮಾತೇ ತೀರ್ಮಾನ ಆಗ್ತದಲ್ಲ? ಮುಂದಿನ ಸಲ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತವರನ್ನ ಒಮ್ಮೆ ಕೇಳಿ ನೋಡ್ರಿ.

ನಿಮ್ಮ ಮನೆ ಹಿರಿಯರು ಹುದಲಿ ಸಭೆ ಬಗ್ಗೆ ಏನಾದ್ರೂ ಹೇಳಿದ್ದು ನೆನಪಿದ್ರೆ ಕೆಳಗೆ ಬರೀರಿ. 🙏

#ಹುದಲಿ #ಗೋಕಾಕ #ಮೂಡಲಗಿ #ಹುಕ್ಕೇರಿ #ನಮ್ಮೂರಚರಿತ್ರೆ