ಎಸೆದ ಕಲ್ಲಿನ ಎತ್ತರ

ಒಂದು ಕಲ್ಲನ್ನು ಮೊದಲಿಗಿಂತ ಇಮ್ಮಡಿ ವೇಗದಿಂದ ನೆಟ್ಟಗೆ ಮೇಲಕ್ಕೆಸೆದರೆ ಅದು ಎಷ್ಟೆತ್ತರ ಏರುವುದು? ತರಗತಿಯಲ್ಲಿ ಈ ಪ್ರಶ್ನೆಯನ್ನು ಹಾಕಿದಾಗಲೆಲ್ಲ “ಇಮ್ಮಡಿ ಎತ್ತರ” ಎಂಬ ಉತ್ತರವೇ ನಮಗೆ ಮೊದಲು ಬರುವುದು. ನಾವು ನಗುವುದಿಲ್ಲ. ಗೆಲಿಲಿಯೋವಿನಂಥ ಮಹಾಮೇಧಾವಿಯೂ ಒಮ್ಮೆ ಈ ಹಳ್ಳದಲ್ಲಿಯೇ ಕಾಲಿಟ್ಟಿದ್ದನು.

1604ರಲ್ಲಿ ಆತನು ಪಡುವಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕ. ಆ ವರ್ಷ ವೆನಿಸ್ಸಿನ ತನ್ನ ಮಿತ್ರ ಪಾವ್ಲೋ ಸಾರ್ಪಿಗೆ ಬರೆದ ಕಾಗದದಲ್ಲಿ, ಬೀಳುವ ವಸ್ತುವಿನ ವೇಗವು ಅದು ಬಿದ್ದ ದೂರಕ್ಕನುಗುಣವಾಗಿ ಹೆಚ್ಚುವುದೆಂದು ಹೇಳಿದನು. ಏರುವಿಕೆಯೆಂಬುದು ಬೀಳುವಿಕೆಯನ್ನೇ ತಿರುವುಮುರುವಾಗಿ ಕಂಡಂತೆ. ಆದುದರಿಂದ ಆ ಮಾತು ದಿಟವಾಗಿದ್ದಲ್ಲಿ ನಮ್ಮ ವಿದ್ಯಾರ್ಥಿಗಳೇ ಗೆದ್ದಂತಾಗುತ್ತಿತ್ತು. ವಿಚಿತ್ರವೇನೆಂದರೆ, ಬಿದ್ದ ದೂರವು ಕಾಲದ ವರ್ಗವನ್ನನುಸರಿಸುವುದೆಂಬ ಸರಿಯಾದ ನಿಯಮವೂ ಅದೇ ಕಾಗದದಲ್ಲಿದೆ! ಸರಿಯಾದ ಫಲವನ್ನು ತಪ್ಪಾದ ಬೀಜದಿಂದ ಬೆಳೆಯಲು ಆತನು ಹವಣಿಸಿದ್ದನು.

ವೇಗವು ಹೆಚ್ಚುವುದು ದೂರಕ್ಕನುಗುಣವಾಗಿ ಅಲ್ಲ, ಕಾಲಕ್ಕನುಗುಣವಾಗಿ ಎಂಬುದನ್ನು ಅನಂತರ ಆತನೇ ಕಂಡುಕೊಂಡನು. ಲೆಕ್ಕವನ್ನು ನೋಡೋಣ. ಗಾಳಿಯ ತಡೆಯನ್ನು ಬಿಟ್ಟರೆ, ಸೆಕೆಂಡಿಗೆ 32 ಅಡಿಯ ವೇಗದಿಂದ ಹೊರಟ ಕಲ್ಲು ಸುಮಾರು ಒಂದು ಸೆಕೆಂಡಿನಲ್ಲಿ ನಿಲ್ಲುವುದು. ಸರಾಸರಿ ವೇಗ 16 ಅಡಿಯಾದುದರಿಂದ ಏರಿದ ಎತ್ತರವೂ 16 ಅಡಿ. 64 ಅಡಿಯ ವೇಗದಿಂದ ಹೊರಟುದಕ್ಕೆ ಎರಡು ಸೆಕೆಂಡು ಬೇಕು, ಸರಾಸರಿಯೂ 32 ಅಡಿ. ಎತ್ತರ 64 ಅಡಿ. ಕಾಲವೂ ಇಮ್ಮಡಿ, ಸರಾಸರಿ ವೇಗವೂ ಇಮ್ಮಡಿ. ಎತ್ತರ ಮಾತ್ರ ನಾಲ್ಮಡಿ.

1638ರಲ್ಲಿ, ದೃಷ್ಟಿ ನಂದಿ ಗೃಹಬಂಧನದಲ್ಲಿದ್ದ ಈ ವೃದ್ಧನ ಕಡೆಯ ಗ್ರಂಥವು ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅದರ ಸಂವಾದದಲ್ಲಿ ಒಬ್ಬನು ಆ ಹಳೆಯ ತಪ್ಪನ್ನೇ ಆಡುವನು. ಗ್ರಂಥಕರ್ತನೂ ಕೆಲಕಾಲ ಹಾಗೆಯೇ ನಂಬಿದ್ದನೆಂದು ಇನ್ನೊಬ್ಬನು ಸಮಾಧಾನ ಹೇಳುವನು. ತನ್ನ ತಪ್ಪನ್ನು ತಾನೇ ಅಚ್ಚುಹಾಕಿಸುವ ಅಧ್ಯಾಪಕರು ಎಷ್ಟು ಮಂದಿಯೋ!

ಈ ನಾಲ್ಮಡಿಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಚಲಿಸುವ ವಸ್ತುವಿನ ಬಲವನ್ನು ಅದರ ಗಾತ್ರ ಮತ್ತು ವೇಗಗಳ ಗುಣಲಬ್ಧದಿಂದ ಅಳೆಯಬೇಕೆಂಬುದು ಡೇಕಾರ್ಟನ ಅನುಯಾಯಿಗಳ ಮತ. 1686ರಲ್ಲಿ ಜರ್ಮನಿಯ ಲೈಬ್ನಿಟ್ಸನು ಅವರನ್ನು ಕೆಣಕಿದನು. ನಾಲ್ಕು ಸೇರಿನ ಭಾರವನ್ನು ಒಂದಡಿ ಎತ್ತುವುದೂ ಒಂದು ಸೇರನ್ನು ನಾಲ್ಕಡಿ ಎತ್ತುವುದೂ ಸಮಾನ ಶ್ರಮವಲ್ಲವೇ? ಆದರೆ ಆ ಎತ್ತರಗಳಿಂದ ಬಿದ್ದಾಗ ಅವುಗಳ ವೇಗಗಳು ಒಂದಕ್ಕೆರಡರಂತಿರುವುವು. ಹಾಗಾದರೆ ಅಳತೆಗೆ ಬೇಕಾದುದು ವೇಗವಲ್ಲ, ವೇಗದ ವರ್ಗ. ಪಂಡಿತರ ಈ ಕಲಹ ದಶಕಗಟ್ಟಲೆ ಸಾಗಿತು. 1722ರಲ್ಲಿ ಲೈಡನ್ನಿನ ಪ್ರಾಧ್ಯಾಪಕ ಖ್ರಾವೆಸಾಂಡೆ ಒಂದೇ ಗಾತ್ರದ, ಬೇರೆಬೇರೆ ತೂಕದ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದನು. ಮೂರರಷ್ಟು ತೂಕದ ಗುಂಡು ಮೂರನೆಯ ಒಂದು ಪಾಲು ಎತ್ತರದಿಂದ ಬಿದ್ದರೂ, ಎರಡೂ ಗುಳಿಗಳ ಆಳ ಒಂದೇ ಆಗಿದ್ದಿತು.